ಟ್ರೈಕ್ಲೋರೋ ತೊಟ್ಟಿಯ ಬದಲು ಬಿಸಿನೀರಿನ ಸ್ಪ್ರೇ ವಾಷರ್: ಸಣ್ಣ ಮಷೀನ್ ಶಾಪ್‌ಗೆ ಆಗಿಬರುತ್ತದೆಯೇ?

ಬಿಡಿಭಾಗಗಳ ಕಟಿಂಗ್ ಆಯಿಲ್ ತೊಳೆಯಲು ಬಳಸುವ ದ್ರಾವಕ ಟ್ರೈಕ್ಲೋರೋಎಥಿಲೀನ್ (ಟ್ರೈಕ್ಲೋರೋ) 87 ಡಿಗ್ರಿಗೇ ಕುದಿಯುತ್ತದೆ. ಆವಿ ಗಾಳಿಗಿಂತ ಭಾರ, ನೆಲಮಟ್ಟದ ಗುಂಡಿಗಳಲ್ಲಿ ಕೂರುತ್ತದೆ. ಪಕ್ಕದಲ್ಲೇ ವೆಲ್ಡಿಂಗ್ ನಡೆದರೆ ಆ ಆವಿಯಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಕ್ಯಾನ್ಸರ್‌ಕಾರಕ ಎಂಬುದರಲ್ಲೂ ಅನುಮಾನವಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದೇ ಆವಿ ಪಕ್ಕದ ಶೆಡ್ಡಿನವರ ಪಾಲು.

ಇದರ ಜಾಗಕ್ಕೆ 200 ಲೀಟರ್ ಟ್ಯಾಂಕ್, 6 ಕಿಲೋವ್ಯಾಟ್ ಹೀಟರ್, ತಿರುಗುವ ಬುಟ್ಟಿಯ ವಾಷರ್ ಸಾಕು. ನೀರು 60 ಡಿಗ್ರಿಗೆ ಬರಲು ಸುಮಾರು ಒಂದೂವರೆ ಗಂಟೆ ಬೇಕು, ಹಾಗಾಗಿ ಕೆಲಸಕ್ಕೆ ಮುಂಚೆಯೇ ಬಿಸಿಯಾಗುವಂತೆ ಟೈಮರ್ ಇರುವ ಮಾದರಿಯನ್ನೇ ಕೊಳ್ಳಿ. ಶೇ 3ರ ದ್ರಾವಣಕ್ಕೆ ಕ್ಲೀನರ್ 6 ಲೀಟರ್. ನೊರೆ ಕಡಿಮೆ ಬರುವ, ಸ್ಪ್ರೇಗೆಂದೇ ಮಾಡಿದ ಕ್ಲೀನರ್ ಇರಲಿ. ಇಲ್ಲವಾದರೆ ಪಂಪ್ ಗಾಳಿ ಎಳೆದು ಒತ್ತಡ ಬೀಳುತ್ತದೆ.

ನೀರಿನ ಮೇಲೆ ತೇಲುವ ಎಣ್ಣೆಯನ್ನು ತೆಗೆಯುವ ಆಯಿಲ್ ಸ್ಕಿಮ್ಮರ್ ಹೆಚ್ಚುವರಿ ಖರ್ಚೆಂದು ಬಿಡುವವರೇ ಹೆಚ್ಚು. ತಪ್ಪು ಅಲ್ಲೇ. ತೇಲುವ ಎಣ್ಣೆ ಮತ್ತೆ ತೊಳೆದ ಭಾಗಕ್ಕೇ ಅಂಟುತ್ತದೆ, ನೀರನ್ನು ಪದೇಪದೇ ಬದಲಿಸಬೇಕಾಗುತ್ತದೆ. ಆ ಕೊಳೆನೀರು ಚರಂಡಿಗೆ ಹೋದರೆ ಮಾಲಿನ್ಯ ತಡೆದಂತಾಗಲಿಲ್ಲ.

ಉಕ್ಕಿನ ಭಾಗಗಳನ್ನು ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸದಿದ್ದರೆ ತುಕ್ಕು ಗ್ಯಾರಂಟಿ. ಅಲ್ಯೂಮಿನಿಯಂಗೆ ಕಾಸ್ಟಿಕ್ (ತೀವ್ರ ಕ್ಷಾರದ) ಕ್ಲೀನರ್ ಬೇಡವೇ ಬೇಡ: ಲೋಹ ಕರಗಿ ಹೈಡ್ರೋಜನ್ ಬರುತ್ತದೆ.

ಕೆಲಸಗಾರರಿಗೆ ಅಪಾಯ ಪೂರ್ತಿ ತಪ್ಪಿತೆಂದಲ್ಲ. ಕ್ಲೀನರ್‌ನ ಬಿಸಿ ಕ್ಷಾರ ಕಣ್ಣಿಗೆ ಹಾರಬಹುದು, ನೆಲ ಜಾರಬಹುದು. ಮುಚ್ಚಳ ತೆರೆದೊಡನೆ ಪಂಪ್ ನಿಲ್ಲುವ ಇಂಟರ್‌ಲಾಕ್, ಗಾಗಲ್ಸ್, ನೈಟ್ರೈಲ್ ಗ್ಲೌಸ್ ಕಡ್ಡಾಯ.

ಶಾಫ್ಟ್, ಫ್ಲೇಂಜ್‌ಗಳಿಗೆ ಈ ವಾಷರನ್ನು ಯೋಚಿಸದೆ ಖರೀದಿಸಬಹುದು. ಆಳದ ಬ್ಲೈಂಡ್ ಹೋಲ್ (ಒಂದು ತುದಿ ಮುಚ್ಚಿದ ರಂಧ್ರ) ಇರುವ ಭಾಗಗಳಿಗೆ ಇದು ಸಾಲದು, ಶಬ್ದಾತೀತ ಅಲೆಗಳಿಂದ ತೊಳೆಯುವ ಅಲ್ಟ್ರಾಸಾನಿಕ್ ಟ್ಯಾಂಕ್ ನೋಡಿ.