ಕರೆಂಟಾ, ಫೈಬರಾ? ಪಿಂಗ್, ಸಿಎಫ್‌ಎಂ, ಲಿಂಕ್ ಒಎಎಂ ಮೂರನ್ನೂ ಬಳಸಿ ನೋಡಿದೆ

ಫೈಬರ್ ಲಿಂಕ್ ಸತ್ತಾಗ ಆಚೆ ಕಡೆ ಕರೆಂಟು ಹೋಯಿತಾ, ಫೈಬರೇ ಹರಿಯಿತಾ ಅಂತ ಕೂತಲ್ಲೇ ತಿಳಿಯಬೇಕಿತ್ತು. ಅದಕ್ಕೆ ಲಿಂಕ್ ಮೇಲೆ ಕಣ್ಣಿಡುವ ಈ ಮೂರು ವಿಧಾನ ಬಳಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿಂಕ್ ಒಎಎಂಗೆ. ಆಚೆ ತುದಿ ಸಾಯುವಾಗ ಹೇಳಿ ಸಾಯುತ್ತದೆ. ಉಳಿದೆರಡರಲ್ಲಿ ಸುಮ್ನೆ ಮಾತು ನಿಂತುಹೋಗುತ್ತದೆ, ಅಷ್ಟೇ.

ನಮ್ಮದು ಶಿರಸಿ ಪೇಟೆಯಲ್ಲಿ ಅಡಿಕೆ ವ್ಯಾಪಾರದ ಸಣ್ಣ ಆಫೀಸು. ಗೋದಾಮು ಕುಮಟಾ ರಸ್ತೆಯಲ್ಲಿ, ಅಮ್ಮಿನಳ್ಳಿ ಕಡೆ. ಅಲ್ಲಿ ಚಾಲಿ, ರಾಶಿ ಅಡಿಕೆ ತೂಗಿದ ಲೆಕ್ಕ ಕೂಡಲೇ ಇಲ್ಲಿಗೆ ಬರಬೇಕು. ಅದಕ್ಕೆ ಎರಡು ಎಳೆ ಫೈಬರ್ ಬಾಡಿಗೆಗೆ ಹಿಡಿದಿದ್ದೇವೆ. ಫೈಬರ್ ಕಂಬದಿಂದ ಕಂಬಕ್ಕೆ, ಮರಗಳ ಅಡಿಯಲ್ಲೇ ಹೋಗುತ್ತದೆ. ಮಳೆಗಾಲದಲ್ಲಿ ಅದರ ಗತಿ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಹೋದ ಜುಲೈನಲ್ಲಿ ಒಂದು ಸಂಜೆ ಲಿಂಕ್ ಹೋಯಿತು. ಫೈಬರ್ ತುಂಡಾಗಿದೆ ಅಂದುಕೊಂಡು ರೇನ್‌ಕೋಟ್ ಹಾಕಿ ಬೈಕ್ ಹತ್ತಿದೆ. ಹೋಗಿ ನೋಡಿದರೆ ಗೋದಾಮಿನಲ್ಲಿ ಕರೆಂಟಿಲ್ಲ, ಯುಪಿಎಸ್ ಖಾಲಿ. ವಾರದ ನಂತರ ಮತ್ತೆ ಹೋಯಿತು. ಕರೆಂಟೇ ಇರಬೇಕು ಅಂತ ಬೆಳಗಿನವರೆಗೆ ಕಾದೆ. ಈ ಸಲ ಟೊಂಗೆ ಬಿದ್ದು ಫೈಬರೇ ಹರಿದಿತ್ತು. ಲೈನಿನವರನ್ನು ಕರೆಯುವುದು ತಡವಾಗಿ ಅರ್ಧ ದಿನದ ತೂಕ ಕೈಬರಹದಲ್ಲಿ ಆಯಿತು.

ಆಗ ನನ್ನ ಹತ್ತಿರ ಇದ್ದದ್ದು ಪಿಂಗ್ ಮಾತ್ರ, ಅಂದರೆ ಆಚೆ ತುದಿಗೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವುದು. ಬಿಟ್ಟಿ, ಐದು ನಿಮಿಷದಲ್ಲಿ ಶುರು. ಈಗಲೂ ಓಡುತ್ತಿದೆ. ಆದರೆ ಉತ್ತರ ಬರಲಿಲ್ಲ ಅನ್ನುವುದಕ್ಕಿಂತ ಹೆಚ್ಚು ಅದಕ್ಕೆ ಗೊತ್ತಿಲ್ಲ.

ಹೀಗಾಗಿ ಟೆಲಿಕಾಂ ಕೆಲಸಕ್ಕೆ ಬಳಸಿ ಬಿಟ್ಟ ಎರಡು ಹಳೆಯ ನೆಟ್‌ವರ್ಕ್ ಸ್ವಿಚ್ ತಂದೆ. ಸಿಎಫ್‌ಎಂ, ಲಿಂಕ್ ಒಎಎಂ ಎರಡೂ ಅದರಲ್ಲಿವೆ. ಸಿಎಫ್‌ಎಂ (ಕನೆಕ್ಟಿವಿಟಿ ಫಾಲ್ಟ್ ಮ್ಯಾನೇಜ್‌ಮೆಂಟ್) ನೆಟ್‌ವರ್ಕಿನ ಇಡೀ ಹಾದಿ ನೋಡುವಂಥದ್ದು, ಲಿಂಕ್ ಒಎಎಂ ಒಂದೇ ಲಿಂಕನ್ನು. ಲಿಂಕ್ ಒಎಎಂ ಅಂದರೆ 2004ರ 802.3ಎಎಚ್ ಅನ್ನುವ ಈಥರ್ನೆಟ್ ಮಾನದಂಡದ್ದು. ಎರಡು ತುದಿಗಳೂ ಸೆಕೆಂಡಿಗೊಮ್ಮೆ ಚಿಕ್ಕ ಫ್ರೇಮ್ (ಡೇಟಾ ತುಣುಕು) ಕಳಿಸಿ ‘ಇದ್ದೇನೆ’ ಅನ್ನುತ್ತಿರುತ್ತವೆ. ಐದು ಸೆಕೆಂಡ್ ದನಿ ಕೇಳದಿದ್ದರೆ ಪಕ್ಕದವನು ಇಲ್ಲ ಅಂತ ಲೆಕ್ಕ. ಒಂದು ತುದಿಯಾದರೂ ಆಕ್ಟಿವ್, ಅಂದರೆ ತಾನೇ ಮಾತು ಶುರುಮಾಡುವಂತೆ ಇರಬೇಕು. ಎರಡೂ ಪ್ಯಾಸಿವ್ ಆದರೆ ಮಾತೇ ಶುರುವಾಗುವುದಿಲ್ಲ.

ಇಷ್ಟು ಓದಿಕೊಂಡು, ಆಫೀಸಿನದನ್ನು ಆಕ್ಟಿವ್ ಮಾಡಿ ಎರಡೂ ಕಡೆ ಆನ್ ಮಾಡಿದೆ. ಏನೂ ಬರಲಿಲ್ಲ. ಪಕ್ಕದವನ ಪಟ್ಟಿ ಖಾಲಿ. ಅದೇ ಹೊತ್ತಿಗೆ ತೂಕದ ಲೆಕ್ಕ ಆರಾಮಾಗಿ ಬರುತ್ತಿದೆ, ಪಿಂಗ್ ಹಸಿರು! ಕನೆಕ್ಟರ್ ಒರೆಸಿದೆ. ಪ್ಯಾಚ್ ಕೇಬಲ್ ಬದಲಿಸಿದೆ. ಎರಡನ್ನೂ ಆಕ್ಟಿವ್ ಮಾಡಿದೆ. ಕಳಿಸಿದ ಫ್ರೇಮುಗಳ ಲೆಕ್ಕ ಎರಡೂ ಕಡೆ ಏರುತ್ತಿತ್ತು, ಬಂದದ್ದು ಮಾತ್ರ ಸೊನ್ನೆ. ಎರಡು ಸಂಜೆ ಇದರಲ್ಲೇ ಹೋಯಿತು.

ಸಿಎಫ್‌ಎಂ ಹಾಕಿದರೆ ಅದು ತಕ್ಷಣ ಎದ್ದಿತು. ಇದು ಇನ್ನೂ ತಲೆ ಕೆಡಿಸಿತು. ಕೊನೆಗೆ ಎರಡೂ ಸ್ವಿಚ್ ತಂದು ಒಂದೇ ಮೇಜಿನ ಮೇಲಿಟ್ಟು ನೇರ ಕೇಬಲ್ ಹಾಕಿದೆ. ಒಎಎಂ ಕೂಡಲೇ ಬಂತು. ನಡುವೆ ನಮ್ಮ ಹಳೆಯ ಮೀಡಿಯಾ ಕನ್ವರ್ಟರ್ ಜೋಡಿ (ಸ್ವಿಚ್ಚಿನ ತಾಮ್ರದ ಕೇಬಲ್ಲನ್ನು ಫೈಬರಿಗೆ ಸೇರಿಸುವ ಡಬ್ಬಿಗಳು) ಹಾಕಿದೆ. ಹೋಯಿತು. ಕಳ್ಳ ಸಿಕ್ಕಿದ.

ವಿಷಯ ಇಷ್ಟೇ. ಒಎಎಂ ಫ್ರೇಮ್ ಹೋಗುವುದು 01-80-ಸಿ2-00-00-02 ಅನ್ನುವ ವಿಳಾಸಕ್ಕೆ. ಈ ವಿಳಾಸದ್ದನ್ನು ಬ್ರಿಡ್ಜ್, ಅಂದರೆ ಸ್ವಿಚ್ಚಿನಂಥದ್ದು, ಮುಂದೆ ಸಾಗಿಸಬಾರದು ಅಂತಲೇ ನಿಯಮ, ಒಂದೇ ಲಿಂಕಿನ ಮಾತು ಅಲ್ಲೇ ಮುಗಿಯಬೇಕು. ನಮ್ಮ ಕನ್ವರ್ಟರ್ ಒಳಗೆ ಇದ್ದದ್ದು ಎರಡು ಪೋರ್ಟಿನ ಪುಟ್ಟ ಸ್ವಿಚ್ಚೇ. ಅದು ನಿಯಮ ಪಾಲಿಸಿ ಒಎಎಂ ಫ್ರೇಮ್ ನುಂಗುತ್ತಿತ್ತು. ನಾನು ಒಂದು ಲಿಂಕ್ ಅಂದುಕೊಂಡದ್ದು ಒಎಎಂ ಕಣ್ಣಿಗೆ ಮೂರು ಲಿಂಕ್. ಸಿಎಫ್‌ಎಂ ವಿಳಾಸ ಬೇರೆ, ಅದು ದಾಟಿ ಹೋಗುತ್ತದೆ. ತಪ್ಪು ಕನ್ವರ್ಟರಿನದ್ದಲ್ಲ ಬಿಡಿ, ಸ್ವಿಚ್ಚಿನಲ್ಲಿ ಎಸ್‌ಎಫ್‌ಪಿ (ಫೈಬರ್ ನೇರ ಚುಚ್ಚುವ ಪುಟ್ಟ ಮಾಡ್ಯೂಲ್) ಗೂಡು ಖಾಲಿ ಇದ್ದರೂ ದುಡ್ಡು ಉಳಿಸಲು ಹೋದ ನನ್ನದು. ಎರಡು ಎಸ್‌ಎಫ್‌ಪಿ ತರಿಸಿ ಫೈಬರನ್ನು ನೇರ ಚುಚ್ಚಿದೆ. ಅಲ್ಲಿಂದ ತೊಂದರೆ ಇಲ್ಲ.

ಹಾಗಾದರೆ ದಾಟಿ ಹೋಗುವ ಸಿಎಫ್‌ಎಂ ಸಾಕಿತ್ತಲ್ವಾ? ನಡುವೆ ನಾಲ್ಕಾರು ಸ್ವಿಚ್ ಇರುವ ಕಡೆ ಅದೇ ಸರಿ. ಈ ತುದಿಯಿಂದ ಆ ತುದಿವರೆಗೆ ನೋಡುತ್ತದೆ, ಎಲ್ಲಿ ತಪ್ಪಿತು ಅಂತ ಹಾದಿ ಹುಡುಕಿಯೂ ಕೊಡುತ್ತದೆ. ಆದರೆ ಡೊಮೈನ್ (ನೋಡಬೇಕಾದ ವ್ಯಾಪ್ತಿ), ಅದರ ಲೆವೆಲ್, ಮೆಪ್ (ಅದರ ತುದಿಬಿಂದು) ಅಂತ ಕಟ್ಟಬೇಕಾದ್ದು ಜಾಸ್ತಿ. ಅಷ್ಟು ಕಟ್ಟಿದ ಮೇಲೂ ಗೋದಾಮಿನಲ್ಲಿ ಕರೆಂಟ್ ಹೋದರೆ ಅದೇ ಮೌನ. ನನ್ನ ಪ್ರಶ್ನೆ ಹಾಗೇ ಉಳಿಯಿತು.

ಒಎಎಂನಲ್ಲಿ ಡೈಯಿಂಗ್ ಗ್ಯಾಸ್ಪ್, ಅಂದರೆ ಕೊನೆಯುಸಿರು ಇದೆ. ಕರೆಂಟ್ ಹೋದ ಕ್ಷಣ ಸ್ವಿಚ್ ತನ್ನ ಕೆಪಾಸಿಟರಿನಲ್ಲಿ ಉಳಿದ ಚೂರು ಶಕ್ತಿಯಲ್ಲಿ ಕೊನೆಯ ಫ್ರೇಮ್ ಕಳಿಸುತ್ತದೆ. ಎಲ್ಲ ಸ್ವಿಚ್ಚಿಗೂ ಈ ಶಕ್ತಿ ಇಲ್ಲ, ಕೊಳ್ಳುವ ಮೊದಲು ಪ್ಲಗ್ ಕಿತ್ತು ನೋಡಿ. ಗ್ಯಾಸ್ಪ್ ಬಂದು ಲಿಂಕ್ ಹೋದರೆ ಕರೆಂಟು. ಬರದೇ ಹೋದರೆ ಲೈನಿನವರಿಗೆ ಫೋನು.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಆಚೆ ತುದಿ ತನಗೆ ಕೆಟ್ಟ ಫ್ರೇಮ್ ಬರುತ್ತಿದ್ದರೆ ಅದನ್ನೂ ಹೇಳುತ್ತದೆ. ಒಂದು ದಿನ ಗೋದಾಮಿನಿಂದ ಇಂಥ ದೂರು ಸಾಲಾಗಿ ಬಂತು, ಈ ಕಡೆ ಎಲ್ಲ ಶುದ್ಧ. ಪಿಂಗ್ ನೂರಕ್ಕೆ ಒಂದೆರಡು ತಪ್ಪಿಸುತ್ತಿದ್ದದ್ದನ್ನು ನಾನು ಗಣನೆಗೇ ತಂದಿರಲಿಲ್ಲ. ಹೋಗಿ ನೋಡಿದರೆ ಫೈಬರ್ ಡಬ್ಬಿಗೆ ಯಾರೋ ಅಡಿಕೆ ಚೀಲ ಒರಗಿಸಿದ್ದಾರೆ, ಒಂದು ಎಳೆ ಮಡಚಿಕೊಂಡಿದೆ.

ರಿಮೋಟ್ ಲೂಪ್‌ಬ್ಯಾಕ್ ಕೂಡ ಇದೆ, ಪರೀಕ್ಷೆಗೆ ಕಳಿಸಿದ್ದನ್ನು ಆಚೆ ತುದಿ ಹಾಗೇ ತಿರುಗಿ ಕಳಿಸುತ್ತದೆ. ತೂಕ ನಡೆಯುವಾಗ ಹಾಕಬೇಡಿ. ಆಗ ಬೇರೆ ಯಾವ ಡೇಟಾವೂ ಓಡುವುದಿಲ್ಲ. ನಾನು ಹಾಕಿ ಬೈಸಿಕೊಂಡಿದ್ದೇನೆ.

ನನ್ನದು ಎರಡೇ ತುದಿ, ನಡುವೆ ಬರೀ ಫೈಬರ್, ರಾತ್ರಿ ಬೈಕ್ ಹತ್ತಲು ಬೇಜಾರು. ಎರಡು ಸೆಕೆಂಡ್ ಹ್ಯಾಂಡ್ ಸ್ವಿಚ್ಚಿನ ದುಡ್ಡು ಅದಕ್ಕೇ ಸಂದಿತು. ಇದೇ ಬಜೆಟ್ಟಿನವರು ಕನ್ವರ್ಟರ್ ತರಲೇಬೇಡಿ. ನನ್ನ ಹತ್ತಿರ ಒಂದು ಜೋಡಿ ಸುಮ್ನೆ ಬಿದ್ದಿದೆ, ಕ್ಯಾಮೆರಾಕ್ಕೆ ಬೇಕಾದವರು ಒಯ್ಯಬಹುದು.