ರಿಮೋಟ್ ಕಾರಿಗೆ ಬ್ಯಾಟರಿ ಪ್ಯಾಕ್ ಕಟ್ಟಿಸುವ ಮುನ್ನ ಇದನ್ನು ಓದಿರಿ

ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದ ಅಂಗಡಿಯೊಂದರಲ್ಲಿ ನನ್ನ ಮಗನ ರಿಮೋಟ್ ಕಾರಿಗೆಂದು 1,900 ರೂಪಾಯಿ ಕೊಟ್ಟು ಕಟ್ಟಿಸಿದ ಬ್ಯಾಟರಿ ಪ್ಯಾಕಿನಲ್ಲಿ ಹೊಸದಾಗಿದ್ದುದು ಮೇಲಿನ ನೀಲಿ ಪ್ಲಾಸ್ಟಿಕ್ ಹೊದಿಕೆ, ಅಂದರೆ ಸ್ಲೀವ್, ಮತ್ತು ವೈರು ಮಾತ್ರ. ಒಳಗಿದ್ದ ಆರೂ ಸೆಲ್‌ಗಳು ಬೇರೆಲ್ಲೋ ದುಡಿದು ಸವೆದವು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಏಕೆಂದರೆ ಅದೇ ಅಂಗಡಿಯನ್ನು ಹೊಗಳಿ ಇಬ್ಬರು ಗೆಳೆಯರನ್ನು ಅಲ್ಲಿಗೆ ಕಳಿಸಿದವನೂ ನಾನೇ.

ಕಾರಿನೊಂದಿಗೆ ಬಂದಿದ್ದ 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕು, ಅಂದರೆ 1.2 ವೋಲ್ಟಿನ ಆರು ಸೆಲ್‌ಗಳ ಸಾಲು, ಚಾರ್ಜ್ ಹಿಡಿಯದಂತಾಗಿತ್ತು. 3000 ಎಂಎಎಚ್‌ನ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಹೊಸ ಸೆಲ್ ಹಾಕಿ ಕಟ್ಟಿಕೊಡುವುದಾಗಿ ಅಂಗಡಿಯವರು ಒಪ್ಪಿದರು. ಸೆಲ್ ತೋರಿಸಿ ಎಂದು ನಾನು ಕೇಳಿದ್ದೆ. "ಸಂಜೀಕ ಬರ್ರಿ ಸರ್, ಪ್ಯಾಕ್ ಮಾಡೇ ಇಟ್ಟಿರ್ತೀನಿ" ಎಂದರು. ಸಂಜೆ ಹೋದಾಗ ಸ್ಲೀವ್ ಬಿಗಿಯಾಗಿ ಕೂತಿತ್ತು. ಅವರು ಮೀಟರ್ ಹಚ್ಚಿ 7.9 ವೋಲ್ಟ್ ತೋರಿಸಿ, "ನೋಡ್ರಿ, ಫುಲ್ ಅದ" ಎಂದರು. ಆ ಅಂಕಿ ನೋಡಿ ನಾನು ಹಣ ಕೊಟ್ಟೆ. ಲೋಡ್ ಇಲ್ಲದಾಗ, ಅಂದರೆ ಮೋಟಾರಿನಂಥದ್ದೇನೂ ಕರೆಂಟ್ ಎಳೆಯದಿರುವಾಗ, ಸವೆದ ಸೆಲ್ ಕೂಡ ಒಳ್ಳೆಯ ವೋಲ್ಟೇಜನ್ನೇ ತೋರಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ.

ಎನ್.ವಿ. ಮೈದಾನದಲ್ಲಿ ಕಾರು ಮೂರು ನಿಮಿಷ ಓಡಿ ಆಮೇಲೆ ತೆವಳತೊಡಗಿತು. ಪ್ಯಾಕ್ ಕೈಯಲ್ಲಿ ಹಿಡಿಯಲಾರದಷ್ಟು ಕಾದಿತ್ತು. ಮನೆಯಲ್ಲಿ ಪೂರ್ತಿ ತಣಿಯಲು ಬಿಟ್ಟು 1.5 ಆಂಪಿಯರ್‌ನಲ್ಲಿ ಚಾರ್ಜ್‌ಗೆ ಹಾಕಿದೆ. ಖಾಲಿಯಾದ 3000ದ ಪ್ಯಾಕ್ ತುಂಬಲು ಎರಡು ಗಂಟೆಗೂ ಹೆಚ್ಚು ಬೇಕು, ಆದರೆ ಚಾರ್ಜರು 22 ನಿಮಿಷಕ್ಕೇ ಮುಗಿಯಿತೆಂದು ನಿಂತಿತು, ಒಳಹೋದದ್ದು ಬರೀ 540 ಎಂಎಎಚ್. ಮರುದಿನವೂ ಅದೇ ಕಥೆ. ಸೆಲ್ ತುಂಬಿದಾಗ ವೋಲ್ಟೇಜ್ ತುಸು ಇಳಿಯುತ್ತದೆ, ಆ ಇಳಿತವನ್ನು ಹಿಡಿದೇ ಇಂಥ ಚಾರ್ಜರು ನಿಲ್ಲುತ್ತದೆ. ಸಾಲಿನಲ್ಲಿ ಒಂದು ಸೆಲ್ ಕೆಟ್ಟು ಬೇಗ ಕಾದರೂ ಅದು ಹಾಗೆಯೇ ನಿಂತುಬಿಡುತ್ತದೆ.

ಫೋನ್ ಮಾಡಿದಾಗ ಬಂದ ಉತ್ತರ: "ನಿಮ್ ಚಾರ್ಜರೇ ಸರಿ ಇಲ್ರಿ. ಬ್ಯಾಟರಿ ಅಂದ್ಮ್ಯಾಲ ಬಿಸಿ ಆಗ್ತದ." ನಾನು ಅದನ್ನೂ ಅರ್ಧ ನಂಬಿ, ಗೆಳೆಯನ ಚಾರ್ಜರ್ ತಂದು ಇನ್ನೊಂದು ದಿನ ಹಾಳುಮಾಡಿಕೊಂಡೆ.

ಕೊನೆಗೆ ಬ್ಲೇಡಿನಿಂದ ಸ್ಲೀವ್ ಸೀಳಿದೆ. ಎರಡು ಸೆಲ್‌ಗಳ ಮೈ ಹಸಿರು, ನಾಲ್ಕರದು ಬಿಳಿ. ಒಂದರ ಪ್ಲಸ್ ತುದಿಯ ಸುತ್ತ ಬಿಳಿ ಪುಡಿ ಕಟ್ಟಿತ್ತು, ಅದು ಒಳಗಿನ ರಸ ಸೋರಿ ಒಣಗಿದ ಗುರುತು. ಬೆಸುಗೆಯ ಗಂಟು ಹೊಳಪಿಲ್ಲದೆ ಬೂದಿಬಣ್ಣಕ್ಕಿತ್ತು, ಉಗುರಿನಿಂದ ಮೀಟಿದರೆ ಎದ್ದು ಬಂತು. ಅದರ ಕೆಳಗೆ ಹಳೆಯ ನಿಕಲ್ ಪಟ್ಟಿಯನ್ನು ಕಿತ್ತ ಚೂರು, ಅದರ ಮೇಲೆ ಯಂತ್ರದ ಸ್ಪಾಟ್ ವೆಲ್ಡಿಂಗಿನ (ಕ್ಷಣಕಾಲ ಕರೆಂಟ್ ಹಾಯಿಸಿ ಪಟ್ಟಿಯನ್ನು ಸೆಲ್‌ಗೆ ಬೆಸೆಯುವ ವಿಧಾನ) ಎರಡು ಚುಕ್ಕಿ. ಆ ಎರಡು ಚುಕ್ಕಿಗಳನ್ನು ಕಂಡಾಗ ನನಗೆ ಎಲ್ಲವೂ ತಿಳಿಯಿತು: ಇವು ಬೇರೊಂದು ಪ್ಯಾಕಿನಿಂದ ಕಿತ್ತ ಸೆಲ್‌ಗಳು. ಒಂದೊಂದನ್ನೇ ಅಳೆದರೆ ಐದು ಸೆಲ್‌ಗಳು 1.3 ವೋಲ್ಟಿನ ಆಸುಪಾಸಿನಲ್ಲಿದ್ದವು, ಸೋರಿದ್ದು ಸೊನ್ನೆ.

ಅವನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಅವರು ಸೆಲ್‌ಗಳನ್ನು ಮುಟ್ಟಲೂ ಇಲ್ಲ. "ಸ್ಲೀವ್ ಕತ್ತರ್ಸೀರಿ, ಇನ್ ನಮ್ಗ್ ಸಂಬಂಧ ಇಲ್ರಿ" ಎಂದರು. ಕತ್ತರಿಸದಿದ್ದರೆ ಒಳಗೇನಿದೆ ಎಂದು ನಾನು ತಿಳಿಯುವುದು ಹೇಗೆ ಎಂದು ಕೇಳಿದೆ. "ನಿಮ್ಗ್ಯಾಕ್ರಿ ಒಳಗಿಂದು? ಗಾಡಿ ಓಡ್ತು ಇಲ್ಲೋ?" ಬಿಲ್ ಕೇಳಿದರೆ, "ರಿಪೇರಿಗಿ ಬಿಲ್ ಇರಲ್ರಿ." ರಿಪೇರಿಯಂತೆ! ಹಣ ಎಣಿಸಿಕೊಳ್ಳುವಾಗ ಅದು ಹೊಸ ಪ್ಯಾಕ್ ಆಗಿತ್ತು. ಪಕ್ಕದಲ್ಲಿ ನಿಂತಿದ್ದ ಮಗನೆದುರು ಈ ಮಾತು ಕೇಳಿಸಿಕೊಂಡು ಬರಿಗೈಯಲ್ಲಿ ಮರಳಿದೆ.

ಆದ್ದರಿಂದ ಸ್ಲೀವ್ ಹಾಕುವ ಮೊದಲೇ ಅಂಗಡಿಯಲ್ಲಿ ನಿಂತು ಸೆಲ್‌ಗಳನ್ನು ನೋಡಿರಿ: ಆರೂ ಒಂದೇ ಕಂಪನಿಯವು, ಒಂದೇ ಅಳತೆಯವು ಆಗಿರಬೇಕು, ತುದಿಯಲ್ಲಿ ಕಿತ್ತ ಗುರುತಿರಬಾರದು. ಸಾಧ್ಯವಾದರೆ ಟ್ಯಾಬ್ (ತುದಿಗೆ ಮೊದಲೇ ಕೂಡಿಸಿದ ಲೋಹದ ಪಟ್ಟಿ) ಇರುವ ಸೆಲ್‌ಗಳನ್ನೇ ಕೇಳಿರಿ, ಆಗ ಬೆಸುಗೆಯ ಶಾಖ ಸೆಲ್‌ಗೆ ನೇರವಾಗಿ ತಗಲುವುದಿಲ್ಲ. ಸೆಲ್ ಮೇಲೆಯೇ ಬೆಸೆಯುವುದಾದರೆ 60 ವ್ಯಾಟ್‌ಗಿಂತ ಕಡಿಮೆಯಿಲ್ಲದ, ಅಗಲ ತುದಿಯ ಸೋಲ್ಡರಿಂಗ್ ಐರನ್ನಿನಿಂದ ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು. ಆ ಅಂಗಡಿಯವರ ಮೇಜಿನ ಮೇಲಿದ್ದುದು ರೇಡಿಯೋ ರಿಪೇರಿಯ 25 ವ್ಯಾಟಿನದು. ಅಂಥದ್ದನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಹೊಸ ಸೆಲ್‌ನ ಸೀಲೂ ಬೇಯುತ್ತದೆ. ಮತ್ತು ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿರಿ.

ಗೆಳೆಯರಿಬ್ಬರಿಗೂ ನಿನ್ನೆ ರಾತ್ರಿ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ಒಬ್ಬರ ಪ್ಯಾಕ್ ಆಗಲೇ ಒಂದು ಬದಿಯಲ್ಲಿ ಬಿಸಿಯಾಗುತ್ತಿದೆಯಂತೆ. ಭಾನುವಾರ ಎರಡನ್ನೂ ಬಿಚ್ಚಿ ಅಳೆಯುತ್ತೇವೆ, ಅಲ್ಲಿಯವರೆಗೆ ಚಾರ್ಜ್‌ಗೆ ಹಾಕಬೇಡಿರಿ ಎಂದು ಹೇಳಿದ್ದೇನೆ.