ಮೂನ್ ಟ್ಯಾಂಕ್: ನನ್ನ 1967ರ ಬೀಟಲ್‌ಗೆ ಸಿಕ್ಕ ಪುಟ್ಟ ಪಾತ್ರೆ

ಹಳೇ ಕಾಲದ ಡ್ರ್ಯಾಗ್ ಕಾರಿನ ಹಾಗೆ, ಅಂದರೆ ನೇರ ದಾರಿಯ ಚಿಕ್ಕ ಓಟಕ್ಕೆ, ಒಂದು 1967ರ ಫೋಕ್ಸ್‌ವ್ಯಾಗನ್ ಬೀಟಲ್ ಕಟ್ಟುತ್ತಿದ್ದೇನೆ. ಓಡಬೇಕಾದ್ದು ಕಾಲು ಮೈಲಿ, ಅಂದರೆ 402 ಮೀಟರ್. ಅದಕ್ಕೆ 40 ಲೀಟರಿನ ಪೆಟ್ರೋಲ್ ಟ್ಯಾಂಕ್ ಯಾಕೆ ಬೇಕು? ಕಿತ್ತುಹಾಕಿ, ರೇಸ್ ಕಾರಿನ ಬಿಡಿಭಾಗ ಮಾಡುವ ಮೂನ್‌ಐಸ್‌ನವರ ಸುಮಾರು 13 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ ಕೂರಿಸಿದೆ.

ಇದಕ್ಕೂ ಮೊದಲು ಬೇರೆ ಕಡೆಯಿಂದ ಅಗ್ಗದ್ದೊಂದು ತರಿಸಿದ್ದೆ. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು. ಗ್ಯಾರೇಜ್ ತುಂಬಾ ಪೆಟ್ರೋಲ್ ವಾಸನೆ. ಅದೇ ಗ್ಯಾರೇಜಿನಲ್ಲಿ ನಮ್ಮ ಗ್ಯಾಸ್ ಗೀಸರ್ ಉರಿಯುತ್ತಿರುತ್ತದೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಮೇಲೆ ಕ್ಯಾಲಿಫೋರ್ನಿಯಾದ ಸಾಂಟಾ ಫೆ ಸ್ಪ್ರಿಂಗ್ಸ್‌ನ ಮೂನ್‌ಐಸ್ ಅಂಗಡಿಗೇ ಹೋದೆ. ಡೀನ್ ಮೂನ್ ನಡೆಸಿದ ಅಂಗಡಿ. 1962ರಲ್ಲಿ ಅಮೆರಿಕದ ರೇಸರ್ ಕ್ಯಾರಲ್ ಶೆಲ್ಬಿ ಹಗುರವಾದ ಇಂಗ್ಲಿಷ್ ಕಾರಿಗೆ ಫೋರ್ಡ್ ವಿ8 ಎಂಜಿನ್ ಇಳಿಸಿ ಮೊದಲ ಕೋಬ್ರಾ ಸ್ಪೋರ್ಟ್ಸ್ ಕಾರು ಜೋಡಿಸಿದ್ದು ಅವರ ವರ್ಕ್‌ಶಾಪಿನಲ್ಲೇ. 1987ರಲ್ಲಿ ಮೂನ್ ತೀರಿಕೊಂಡ ಮೇಲೆ ಜಪಾನಿನ ಷಿಗೆ ಸುಗನುಮಾ ಆ ಹೆಸರನ್ನು ಉಳಿಸಿದರು.

ಟ್ಯಾಂಕ್ ಕೈಗೆ ತೆಗೆದುಕೊಂಡಾಗ ನನಗೆ ಅಪ್ಪನ ನೆನಪಾಯಿತು. ಅವರು ಬೆಂಗಳೂರಿನಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡುತ್ತಿದ್ದರು. ದುಂಡನೆ ತಗಡಿಗೆ ಸರ್ಕಲ್ ಅಂತಾರೆ. ಅದನ್ನು ಲೇತಿಗೆ ಕಟ್ಟಿ, ತಿರುಗುತ್ತಿರುವಾಗಲೇ ಉದ್ದ ಹಿಡಿಯ ಸಲಾಕೆಯಿಂದ ಒತ್ತಿ ಅಚ್ಚಿನ ಮೇಲೆ ಕೂರಿಸಬೇಕು. ಜಾಸ್ತಿ ಒತ್ತಿದರೆ ತಗಡು ತೆಳುವಾಗಿ ಹರಿಯುತ್ತದೆ. ತಗಡನ್ನು ಹದವಾಗಿ ನಡೆಸದಿದ್ದರೆ ಸುಕ್ಕು. ಮೂನ್ ಟ್ಯಾಂಕಿನ ಗುಂಡನೆಯ ತುದಿಗಳೂ ಇದೇ ಕೆಲಸದಿಂದ ಆದವು. ಬೆರಳಾಡಿಸಿ ನೋಡಿದೆ. ಒಂದೇ ಸಮ ಇದೆ.

ಹಳೇ ಟ್ಯಾಂಕಿಗೇ 5 ಲೀಟರ್ ಹಾಕಿದರೆ ಸಾಕಲ್ವಾ ಅಂತ ಕೇಳಬಹುದು. 5 ಲೀಟರ್ ಪೆಟ್ರೋಲ್ 4 ಕೆ.ಜಿ.ಯೂ ತೂಗಲ್ಲ, ನಿಜ. ಆದರೆ ಅಗಲವಾದ ಟ್ಯಾಂಕಿನಲ್ಲಿ ಅಷ್ಟೇ ಇದ್ದರೆ, ಕಾರು ಚಿಮ್ಮಿದಾಗ ಎಲ್ಲ ಒಂದು ಕಡೆ ಸರಿದು ಕಾರ್ಬುರೇಟರಿಗೆ ಗಾಳಿ ಹೋಗುವ ಭಯ. ಪುಟ್ಟ ಟ್ಯಾಂಕಿನಲ್ಲಿ ಅದು ಕಡಿಮೆ. ಔಟ್‌ಲೆಟ್ ಮಾತ್ರ ಕೆಳಗೆ, ಕಾರಿನ ಹಿಂಭಾಗದ ಕಡೆಗೇ ಇರಲಿ.

ಇನ್ನೊಂದು ಮಾತು. ಬೀಟಲ್‌ಗೆ ಎಂಜಿನ್ ಹಿಂದಿದೆ. ಫೈಬರ್ ಬಾನೆಟ್, ಫೆಂಡರ್ ಹಾಕಿದ ಮೇಲೆ ಮೂತಿ ಇನ್ನೂ ಹಗುರ. ಹೊರಡುವಾಗ ಮೇಲೇಳಲು ನೋಡುತ್ತದೆ. ಎಲ್ಲ ಕಡೆ ತೂಕ ಇಳಿಸುವುದೇ ಜಾಣತನ ಅಲ್ಲ. ಹಾಗಾಗಿ ಟ್ಯಾಂಕನ್ನು ಮುಂದಿನ ಆಕ್ಸಲ್‌ನ ಹತ್ತಿರವೇ, ಗಟ್ಟಿ ಬ್ರಾಕೆಟ್ ಮೇಲೆ ಕೂರಿಸಿದ್ದೇನೆ.

ಅಪ್ಪನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. "ಅಚ್ಚು ಮರದ್ದಾ, ಕಬ್ಬಿಣದ್ದಾ? ಕೇಳ್ಕೊಂಡು ಬಾ" ಅಂದರು. ಬರುವ ಶನಿವಾರ ಹೋಗಿ ಕೇಳುತ್ತೇನೆ.